‘ಮತ್’ ಅಂದ್ರ ‘ಮತ್ತ’ ಅಲ್ರೀ ಸರ್: ಬೇಸಿಗೆ ಕ್ಯಾಂಪಿನ ಕಮಾಂಡೆಂಟರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕ್ಯಾಂಪ್ ಕಮಾಂಡೆಂಟರಿಗೆ, ಹಾಗೂ ನಿಮ್ಮ ಜೊತೆ ಸೈನ್ಯದಿಂದ ಕಲಿಸಲು ಬರುವ ಎಲ್ಲ ಉಸ್ತಾದರಿಗೆ,

ಜೈ ಹಿಂದ್ ಸರ್.

ನೀವು ಯಾರೆಂದು ನನಗಿನ್ನೂ ಗೊತ್ತಿಲ್ಲ. ಈ ಬೇಸಿಗೆಯಲ್ಲಿ ನಮ್ಮ ಭಾಗದ ಎನ್‌ಸಿಸಿ ಜೂನಿಯರ್ ವಿಂಗ್ ಹುಡುಗಿಯರ ಹತ್ತು ದಿನದ ಸಿಎಟಿಸಿ ಕ್ಯಾಂಪು (ವರ್ಷದ ಸಂಯುಕ್ತ ತರಬೇತಿ ಶಿಬಿರ) ಯಾರ ಕೈಗೆ ಬರುತ್ತದೋ ಅವರಿಗೆ ಈ ಪತ್ರ. ಹೋದ ವರ್ಷದವರ ಹೆಸರು, ಬೆಟಾಲಿಯನ್ನಿನ ನಂಬರು, ಕ್ಯಾಂಪು ನಡೆದ ಊರು ಯಾವುದನ್ನೂ ಬರೆಯುವುದಿಲ್ಲ. ಬರೆದರೆ ಇದೊಂದು ದೂರು ಅರ್ಜಿಯಾಗಿ ಫೈಲು ಸೇರುತ್ತದೆ, ಆ ಫೈಲಿಗೆ ಪಾಪ ಯಾರೋ ಒಬ್ಬ ಹವಾಲ್ದಾರರು ಉತ್ತರ ಕೊಡಬೇಕಾಗುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೋದ ವರ್ಷದ ಫೈರಿಂಗಿನ ದಿನ ಆ ಹವಾಲ್ದಾರರ ಕೈ ಒಂದು ಕ್ಷಣ ತಡವಾಗಿದ್ದರೆ ನಾನು ಈ ಹೊತ್ತು ಎಂಥ ಪತ್ರ ಬರೆಯುತ್ತಿದ್ದೆನೋ, ನೆನೆಸಿಕೊಳ್ಳುವುದಕ್ಕೂ ಮನಸ್ಸು ಬರುವುದಿಲ್ಲ.

ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕಾಲುವೆಯ ಕೊನೆ ಅಂದರೆ ಏನೆಂದು ಹೊರಗಿನವರಿಗೆ ಬಿಡಿಸಿ ಹೇಳಬೇಕು: ಮೇಲೆ ಗೇಟು ಎತ್ತಿದ ಲೆಕ್ಕ ಪುಸ್ತಕದಲ್ಲಿ ಇರುತ್ತದೆ, ನಮ್ಮ ಹೊಲಕ್ಕೆ ನೀರು ಮುಟ್ಟಿರುವುದಿಲ್ಲ. ಶಾಲೆಯ ಎನ್‌ಸಿಸಿ ತುಕಡಿಯನ್ನು ನೋಡಿಕೊಳ್ಳುವ ಎಎನ್‌ಒ (ಅಸೋಸಿಯೇಟ್ ಎನ್‌ಸಿಸಿ ಆಫೀಸರ್) ಕೂಡ ನಾನೇ. ಥರ್ಡ್ ಆಫೀಸರ್ ಅಂತ ಹೆಗಲ ಮೇಲೆ ಹಾಕಿಕೊಂಡ ಮೊದಲ ದಿನ ನಮ್ಮ ಮನೆಯವರು, ‘ಫಸ್ಟು, ಸೆಕೆಂಡು ಯಾರು?’ ಎಂದು ಕೇಳಿದ್ದರು. ಅಲ್ಲಿಂದ ಇಲ್ಲಿಯವರೆಗೆ ಹನ್ನೊಂದು ಬೇಸಿಗೆ ರಜೆ ಕ್ಯಾಂಪಿನಲ್ಲಿ ಕಳೆದಿದ್ದೇನೆ.

ಹೋದ ವರ್ಷದ ಆರನೆಯ ದಿನ, ಫೈರಿಂಗ್. ಗುಡ್ಡದ ಬುಡದ ರೇಂಜು, ಕೆಂಪು ಬಾವುಟ ಏರಿತ್ತು. ಹುಡುಗಿಯರಿಗೆ ಹಿಂದಿನ ರಾತ್ರಿ ನಿದ್ದೆ ಇಲ್ಲ, ಅಷ್ಟು ಹುರುಪು. ಡ್ರಿಲ್ ಎಲ್ಲ ಶಾಲೆಯ ಪಿ.ಟಿ. ಪೀರಿಯಡ್ಡಿನಲ್ಲಿ ಕಂಡದ್ದೇ, ಬಂದೂಕು ಮಾತ್ರ ಊರಿಗೆ ಹೋಗಿ ಹೇಳಬಹುದಾದ ಸಂಗತಿ. ಒಂದು ಡಿಟೇಲಿಗೆ, ಅಂದರೆ ಒಂದು ಸಲಕ್ಕೆ ಹೊಡೆಯುವ ತಂಡಕ್ಕೆ, ಎಂಟು ಜನ. ನೆಲದ ಮೇಲೆ ತಾಡಪತ್ರಿ, ಅದರ ಮೇಲೆ ಬೋರಲು ಮಲಗಿದ ಹುಡುಗಿ, ಪಾಯಿಂಟ್ ಟೂ ಟೂ ರೈಫಲ್, ಐದು ರೌಂಡು, ಇಪ್ಪತ್ತೈದು ಗಜದ ಆಚೆ ಟಾರ್ಗೆಟ್. ರೈಫಲಿನ ತೂಕ ಮೂರು ಕಿಲೋಗೆ ಸ್ವಲ್ಪ ಕಡಿಮೆ. ಹದಿಮೂರು ವರ್ಷದ, ಎರಡು ಕೊಡ ನೀರನ್ನು ದಿನಾ ಹೊರುವ ಹುಡುಗಿಗೆ ಅದೇನೂ ಭಾರವಲ್ಲ. ನಾನು ಇಪ್ಪತ್ತು ಹೆಜ್ಜೆ ಹಿಂದೆ ಬೇವಿನ ಗಿಡದ ಕೆಳಗೆ ಮುಂದಿನ ಡಿಟೇಲನ್ನು ಸಾಲು ಕೂಡಿಸುತ್ತಿದ್ದೆ.

ಮೂರು ರೌಂಡು ಆಗಿತ್ತು. ಒಬ್ಬಳ ಮೊಣಕೈ ಕೆಳಗಿದ್ದ ಇರುವೆ ಕಚ್ಚಿರಬೇಕು, ಚಿಟ್ಟನೆ ಚೀರಿದಳು. ಆಚೀಚೆಯವರ ತಲೆ ತಿರುಗಿತು. ಉಸ್ತಾದರು ಗಂಟಲು ಹರಿಯುವಂತೆ ಕೂಗಿದರು: ‘ಪೀಛೇ ಮತ್ ದೇಖೋ!’

ಏಳು ಹುಡುಗಿಯರು ಮುಂದೆ ನೋಡಿದರು. ನಮ್ಮ ಶಾಲೆಯ ಒಬ್ಬಳು ಮಾತ್ರ ಎದ್ದು ಕೂತು, ಪೂರ್ತಿ ತಿರುಗಿ, ಹಿಂದೆ ನೋಡಿದಳು. ಕೈಯಲ್ಲಿ ರೈಫಲು ಹಾಗೇ ಇತ್ತು. ಒಳಗೆ ಇನ್ನೂ ಎರಡು ರೌಂಡು. ನಳಿಗೆಯ ತುದಿ ಬೇವಿನ ಗಿಡದ ಕಡೆ ಬರುತ್ತಿರುವುದನ್ನು ನಾನು ನೋಡಿದೆ, ಸರ್. ಬರಿಯ ನೋಡಿದೆ, ಕೂಗಲು ಬಾಯಿ ಬರಲಿಲ್ಲ. ಉಸ್ತಾದರು ಹಾರಿ ಬಿದ್ದು ನಳಿಗೆಯನ್ನು ನೆಲಕ್ಕೆ ಒತ್ತಿದರು. ಅವರ ಅಂಗೈ ಕಲ್ಲಿಗೆ ತರಚಿ ರಕ್ತ ಬಂತು. ಅಷ್ಟೇ ಆದದ್ದು.

ಅವಳನ್ನು ರೇಂಜಿನಿಂದ ತೆಗೆದರು. ಒಬ್ಬ ಅಧಿಕಾರಿ ಕಂಪನಿಯ ಎದುರಿಗೆ ನಿಲ್ಲಿಸಿ ಹಿಂದಿಯಲ್ಲಿ ಬೈದರು. ಬೈದದ್ದು ನ್ಯಾಯವೇ, ರೇಂಜಿನಲ್ಲಿ ತಿರುಗಿದವಳನ್ನು ಮುದ್ದು ಮಾಡಲಿಕ್ಕಾಗುವುದಿಲ್ಲ. ‘ಸಮಝ್ ಗಯೀ?’ ಅಂದರು. ‘ಯೆಸ್ ಸರ್’ ಅಂದಳು. ಊಟದ ಹೊತ್ತಿನವರೆಗೂ ಬಿಸಿಲಿಗೆ ನಿಂತಳು.

ರಾತ್ರಿ ಅವಳ ತಲೆಗೆ ಎಣ್ಣೆ ಹಚ್ಚುತ್ತ ಕೇಳಿದೆ. ಯಾಕೆ ತಿರುಗಿದಿ ಅಂತ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ‘ಉಸ್ತಾದ್ರು ಹೇಳಿದ್ರಲ್ರೀ ಟೀಚರ್, ಹಿಂದ ಮತ್ತ ನೋಡು ಅಂತ. ಒಂದ್ಸಲ ನೋಡಿದ್ದೆ, ಮತ್ತ ನೋಡಿದೆ.’

ಸರ್, ಹಿಂದಿಯ ‘ಮತ್’ ಅಂದರೆ ಬೇಡ, ನಮ್ಮ ಕಡೆ ‘ಮತ್ತ’ ಅಂದರೆ ಇನ್ನೊಮ್ಮೆ. ಮತ್ತ ಬಾ, ಮತ್ತ ಹಾಕ್ಸಿಕೋ, ಮತ್ತ ಹೇಳು. ಅವಳ ಅವ್ವನ ಬಾಯಲ್ಲಿ ಈ ಮಾತು ದಿನಕ್ಕೆ ನೂರು ಸಲ ಬರುತ್ತದೆ. ‘ಪೀಛೇ ಮುಡ್’ ಡ್ರಿಲ್ಲಿನಲ್ಲಿ ಕಲಿತಿದ್ದಳು, ‘ದೇಖೋ’ ಪಾಠದಲ್ಲಿ ಓದಿದ್ದಳು, ನಡುವಿನ ಮಾತು ಮನೆಯದೇ ಇದ್ದಂತೆ ಕೇಳಿಸಿತು. ಮೂರನ್ನೂ ಜೋಡಿಸಿ, ಹೇಳಿದ ಹಾಗೆ ಕೇಳುವ ಒಳ್ಳೆಯ ಕೆಡೆಟ್ ಆಗಿ, ಆಜ್ಞೆ ಪಾಲಿಸಿದಳು. ಮಾಡಬೇಡ ಎಂಬ ಮಾತು ಅವಳ ಕಿವಿಯಲ್ಲಿ ಇನ್ನೊಮ್ಮೆ ಮಾಡು ಎಂದಾಯಿತು. ಆ ದಿನ ರೇಂಜಿನಲ್ಲಿ ಅಪ್ಪಣೆ ಮೀರಿದವರು ಯಾರೂ ಇರಲಿಲ್ಲ.

ಆರನೆಯ ತರಗತಿಯಿಂದ ಹಿಂದಿ ಕಲಿತಿಲ್ಲವೇ ಎಂದು ನೀವು ಕೇಳಬಹುದು. ಕಲಿತಿದ್ದಾರೆ, ಮೂರನೆಯ ಭಾಷೆ. ಪಾಠ ಓದುತ್ತಾರೆ, ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆಯುತ್ತಾರೆ, ನೂರಕ್ಕೆ ಎಂಬತ್ತು ತೆಗೆಯುವವರೂ ಇದ್ದಾರೆ. ಅವರು ಕಲಿತದ್ದು ಬೋರ್ಡಿನ ಮೇಲೆ ನಿಂತು ಕಾಯುವ ಹಿಂದಿ. ಗಾಳಿ ಬೀಸುವ ಬಯಲಿನಲ್ಲಿ, ಕಿವಿಯಲ್ಲಿ ಗುಂಡಿನ ಸದ್ದು ಇನ್ನೂ ಗುಂಯ್‌ಗುಡುತ್ತಿರುವಾಗ, ಹಿಂದಿನಿಂದ ಹಾರಿ ಬರುವ ಹಿಂದಿ ಬೇರೆಯೇ.

ಒಂದು ಮಾತು ಸ್ಪಷ್ಟವಾಗಿರಲಿ. ಕಮಾಂಡು ಕನ್ನಡದಲ್ಲಿ ಕೊಡಿ ಎಂದು ನಾನು ಕೇಳುತ್ತಿಲ್ಲ. ‘ಸಾವಧಾನ್, ವಿಶ್ರಾಮ್’ ನಮ್ಮ ಮಕ್ಕಳಿಗೆ ಒಂದನೆಯ ತರಗತಿಯ ಪ್ರಾರ್ಥನೆಯ ಸಾಲಿನಿಂದಲೇ ಗೊತ್ತು. ನಮ್ಮ ಮಾತಿನಲ್ಲಿ ಸಾವಧಾನ ಅಂದರೆ ನಿಧಾನ, ಅವಸರ ಮಾಡಬೇಡ ಅಂತ. ಅಜ್ಜಿ ‘ಸಾವಧಾನ ಹೋಗವಾ’ ಅಂದರೆ ಕಾಲು ಮೆಲ್ಲಗಾಗುತ್ತವೆ, ಉಸ್ತಾದರು ‘ಸಾವಧಾನ್’ ಅಂದರೆ ಮೈ ಸೆಟೆಯುತ್ತದೆ. ಎರಡನ್ನೂ ಮಕ್ಕಳು ಗೊಂದಲವಿಲ್ಲದೆ ಇಟ್ಟುಕೊಂಡಿದ್ದಾರೆ. ‘ಬಾಯೇಂ ಮುಡ್’ ಮೊದಲ ಸಲ ಕೇಳಿದಾಗ ಪ್ರತಿ ವರ್ಷ ಯಾರಾದರೂ ಒಬ್ಬಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಮೂರನೆಯ ದಿನಕ್ಕೆ ಎಡಕ್ಕೆ ತಿರುಗುತ್ತಾಳೆ. ಡ್ರಿಲ್ಲಿನ ಮಾತು ಕಾಲಿಗೆ ಹೇಳುವ ಮಾತು, ಕಾಲು ಬೇಗ ಕಲಿಯುತ್ತದೆ. ಕೇರಳದವನೂ ನಾಗಾಲ್ಯಾಂಡಿನವನೂ ಒಂದೇ ಹೆಜ್ಜೆ ಹಾಕಬೇಕಾದರೆ ಒಂದೇ ಕಮಾಂಡು ಬೇಕು. ಒಪ್ಪಿದೆ.

ನನ್ನ ಮಾತು ಇರುವುದು ಡ್ರಿಲ್ ಮುಗಿದು ಕ್ಲಾಸು ಶುರುವಾದ ಮೇಲಿನದು. ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಸೀಟಿ, ಪಿ.ಟಿ., ಚಹಾ, ಡ್ರಿಲ್ಲು. ಒಂಬತ್ತೂವರೆಯ ಹೊತ್ತಿಗೆ ನೆಲ ಕಾದ ಹಂಚು. (ಏಪ್ರಿಲ್, ಮೇ ತಿಂಗಳು ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಹಿಂದಿನ ಕ್ಯಾಂಪುಗಳಲ್ಲಿ ಒಂಬತ್ತೂವರೆಯ ಹೊತ್ತಿಗೆ ಪರೇಡ್ ನಿಲ್ಲಿಸುತ್ತಿದ್ದರು. ದಯವಿಟ್ಟು ನೀವೂ ಹಾಗೇ ಮಾಡಿ, ಓಆರ್‌ಎಸ್ ಪ್ಯಾಕೆಟ್ಟಿಗೆ ಕೈ ಬಿಗಿ ಹಿಡಿಯಬೇಡಿ.) ಅಲ್ಲಿಂದ ಸಂಜೆಯವರೆಗೆ ನೆರಳಿನಲ್ಲಿ ಪಾಠ: ಆಯುಧ, ನಕ್ಷೆ ಓದುವುದು, ಪ್ರಥಮ ಚಿಕಿತ್ಸೆ, ಆರೋಗ್ಯ, ನೆರೆ-ಬೆಂಕಿ ಬಂದಾಗ ಏನು ಮಾಡಬೇಕು. ನಾನು ಎನ್‌ಸಿಸಿಗೆ ಬಂದದ್ದೇ ಈ ಪಾಠಗಳಿಗಾಗಿ. ಹಾವು ಕಚ್ಚಿದಾಗ ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು, ಕಚ್ಚಿದ ಕೈಕಾಲು ಅಲುಗಿಸದೆ ಬೇಗ ಆಸ್ಪತ್ರೆಗೆ ಒಯ್ಯಬೇಕು ಎಂಬುದು ಭತ್ತದ ಗದ್ದೆಯ ಊರಿನ ಹುಡುಗಿಗೆ ಎಷ್ಟು ಬೆಲೆಯ ಮಾತು ಗೊತ್ತೇ? ಅದನ್ನು ನಲವತ್ತು ನಿಮಿಷ ಹಿಂದಿಯಲ್ಲಿ ಹೇಳಿ, ಕೊನೆಗೆ ‘ಕೋಯೀ ಶಕ್?’, ಏನಾದರೂ ಸಂಶಯ ಇದೆಯೇ, ಎಂದು ಕೇಳುತ್ತಾರೆ. ‘ನೋ ಸರ್!’ ಎಂದು ಇನ್ನೂರು ಹುಡುಗಿಯರು ಬೇವಿನ ಗಿಡದ ಕಾಗೆ ಹಾರುವಂತೆ ಕೂಗುತ್ತಾರೆ. ಆ ಕೂಗು ಕೇಳಿ ಮೊದಲ ವರ್ಷ ನಾನೂ ಮರುಳಾಗಿದ್ದೆ. ಇಂಥ ಗಟ್ಟಿ ದನಿ ನನ್ನ ಕ್ಲಾಸಿನಲ್ಲಿ ಎಂದೂ ಬಂದಿರಲಿಲ್ಲ. ಅದು ತಿಳಿದವರ ದನಿಯಲ್ಲ, ಜೋರಾಗಿ ಅನ್ನದಿದ್ದರೆ ಇನ್ನೊಂದು ಸುತ್ತು ಓಡಬೇಕಾದೀತು ಎಂದು ತಿಳಿದವರ ದನಿ ಎಂದು ಗೊತ್ತಾಗಲು ನನಗೆ ಎರಡು ಕ್ಯಾಂಪು ಬೇಕಾಯಿತು.

ನಕ್ಷೆಯ ಪಾಠದಲ್ಲಿ ಮೂರು ಉತ್ತರ ದಿಕ್ಕುಗಳಿವೆ: ನಿಜ ಉತ್ತರ, ಗ್ರಿಡ್ ಉತ್ತರ, ಕಾಂತೀಯ ಉತ್ತರ. ದಿಕ್ಸೂಚಿಯ ಮುಳ್ಳು ತೋರುವುದು ಮೂರನೆಯದನ್ನು. ಹಿಂದಿಯಲ್ಲಿ ಅದು ‘ಚುಂಬಕೀಯ ಉತ್ತರ್’. ಚುಂಬಕ ಅಂದರೆ ಅಯಸ್ಕಾಂತ ಎಂದು ಹೇಳುವವರಿಲ್ಲ. ಹದಿಮೂರು-ಹದಿನಾಲ್ಕರ ಹುಡುಗಿಯರ ಸಾಲಿನಲ್ಲಿ ಕಿಸಕ್ಕನೆ ನಗು ಎದ್ದು, ಕೈಯಿಂದ ಬಾಯಿ ಮುಚ್ಚಿ, ಭುಜ ಕುಣಿದು, ಪಾಠ ಅಲ್ಲಿಗೆ ಮುಗಿಯಿತು. ಕಲಿಸುತ್ತಿದ್ದವರಿಗೆ ತಾವು ಏನು ಅಂದೆವೆಂದು ಕೊನೆಗೂ ಗೊತ್ತಾಗಲಿಲ್ಲ. ನಾನು ಹೇಳಲಿಲ್ಲ, ಸಂಕೋಚ.

ಇನ್ನು ರೈಫಲ್ ಕ್ಲಾಸಿನ ‘ಲೇಟ್ ಜಾವೋ’. ಮಲಗು ಅಂತ. ಒಂದು ವರ್ಷ ಹೀಗಂದ ಕೂಡಲೇ ಒಬ್ಬಳು ಓಡತೊಡಗಿದಳು. ‘ನಾ ಲೇಟ್ ಆಗಿಲ್ರೀ ಸರ್, ಫಾಲಿನ್‌ಗ ಮೊದ್ಲೇ ಬಂದೀನ್ರೀ’ ಎಂದು ಓಡುತ್ತಲೇ ಹೇಳುತ್ತಿದ್ದಳು. ಗುರಿ ಹಿಡಿದ ಮೇಲೆ ‘ಸಾಂಸ್ ರೋಕೋ’, ಉಸಿರು ಹಿಡಿ. ‘ರೊಕ್ಕ ಯಾಕ್ರೀ ಟೀಚರ್, ನಮ್ಮಪ್ಪ ಬರೋವಾಗ ಕೊಟ್ಟಾನಲ್ರೀ’ ಎಂದು ಒಬ್ಬಳು ನನ್ನ ಬಳಿ ಬಂದಿದ್ದಳು. ಇವನ್ನೆಲ್ಲ ವರ್ಷಗಟ್ಟಲೆ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದೇನೆ. ಹೋದ ವರ್ಷದಿಂದ ಹೇಳುತ್ತಿಲ್ಲ.

ನನ್ನ ತಪ್ಪನ್ನೂ ಬರೆಯಬೇಕು. ಎಎನ್‌ಒಗಳ ತರಬೇತಿಗೆ ನಾನು ಗ್ವಾಲಿಯರ್‌ಗೆ ಹೋಗಿದ್ದವಳು. ಅಲ್ಲಿ ಮೊದಲ ವಾರ ನನ್ನದೂ ಇದೇ ಪಾಡು. ಎಂ.ಎ., ಬಿ.ಇಡಿ. ಮಾಡಿದ ಮೂವತ್ತು ದಾಟಿದ ಹೆಂಗಸು ಪಕ್ಕದವಳನ್ನು ನೋಡಿ ಪಕ್ಕದವಳು ಮಾಡಿದ್ದನ್ನು ಮಾಡುತ್ತಿದ್ದೆ. ರಾತ್ರಿ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಹಿಂದಿ, ಬಲಕ್ಕೆ ಕನ್ನಡ ಬರೆದುಕೊಂಡು ಕಲಿತೆ. ಆ ನೋಟ್‌ಬುಕ್ಕು ಈಗಲೂ ನನ್ನ ಟ್ರಂಕಿನಲ್ಲಿದೆ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅದನ್ನು ಕ್ಯಾಂಪಿಗೆ ತಂದು ಹುಡುಗಿಯರ ಮುಂದೆ ಬಿಚ್ಚಲಿಲ್ಲ. ‘ಯೂನಿಫಾರ್ಮ್ ಹಾಕಿಕೊಂಡ ಮೇಲೆ ಹಿಂದಿ’ ಎಂಬುದನ್ನು ಯಾರೂ ಹೇಳದೆಯೇ ನಿಯಮ ಅಂತ ತಿಳಿದಿದ್ದೆ.

ನಾನು ಮಾಡದ ಕೆಲಸವನ್ನು ಟೆಂಟಿನಲ್ಲಿ ಒಬ್ಬ ಹುಡುಗಿ ಮಾಡುತ್ತಿದ್ದಳು. ಇದು ನನಗೆ ಘಟನೆಯ ನಂತರ ಗೊತ್ತಾಯಿತು. ರಾಯಚೂರು ಸೀಮೆಯ ಮುಸ್ಲಿಂ ಮನೆಯ ಹುಡುಗಿ, ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ. ಲೈಟ್ಸ್ ಔಟ್ ಆದ ಮೇಲೆ ಸೊಳ್ಳೆಪರದೆಯೊಳಗೆ ಸುತ್ತ ಕೂತ ಹತ್ತು-ಹನ್ನೆರಡು ಮಂದಿಗೆ ದಿನದ ಪಾಠವನ್ನೆಲ್ಲ ಪಿಸುಮಾತಿನಲ್ಲಿ ಕನ್ನಡ ಮಾಡುತ್ತಿದ್ದಳು. ಪ್ರತಿಫಲವಾಗಿ ಅವರವರ ಡಬ್ಬಿಯ ಶೇಂಗಾ ಚಟ್ನಿ, ಕಟಕ್ ರೊಟ್ಟಿ. ನಮ್ಮ ಹುಡುಗಿ ಆ ಟೆಂಟಿನವಳಲ್ಲ. ಆಗಿದ್ದರೆ ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು: ‘ಮತ್ ಅಂದ್ರ ನಕ್ಕೋ’. ನಕ್ಕೋ ಅಂದರೆ ಬ್ಯಾಡ ಅಂತ ನಮ್ಮ ಸೀಮೆಯ ಕೂಸಿಗೂ ಗೊತ್ತು, ಅದಕ್ಕೆ ಜಾತಿ-ಧರ್ಮ ಇಲ್ಲ. ಉಸ್ತಾದರು ‘ಪೀಛೇ ನಕ್ಕೋ ದೇಖೋ’ ಅಂದಿದ್ದರೂ ಸಾಕಿತ್ತು. ಆ ಟೆಂಟಿನ ತರಗತಿಯನ್ನು ಎಂಟನೆಯ ರಾತ್ರಿ ಒಬ್ಬರು ಟಾರ್ಚು ಬಿಟ್ಟು ಹಿಡಿದರು. ಲೈಟ್ಸ್ ಔಟ್ ಆದ ಮೇಲೆ ಮಾತಾಡಿದ್ದಕ್ಕೆ ಮರುದಿನ ಅಡುಗೆಮನೆಯ ಪಾತ್ರೆ.

ನಮ್ಮ ಸೀಮೆಗೂ ನಿಮ್ಮ ಸಂಸ್ಥೆಗೂ ಒಂದು ಹಳೆಯ ಲೆಕ್ಕವಿದೆ, ತಮಾಷೆಯದು. ಕುಂಜ್ರು ಸಮಿತಿ ಶಿಫಾರಸು ಮಾಡಿ, 1948ರ ಕಾಯ್ದೆ ಆಗಿ, ಆ ಜುಲೈನಲ್ಲಿ ಎನ್‌ಸಿಸಿ ಹುಟ್ಟಿದಾಗ ರಾಯಚೂರು ಭಾರತದಲ್ಲಿ ಇರಲಿಲ್ಲ. ನಿಜಾಮರ ಕೈಯಲ್ಲಿತ್ತು, ನಾವು ಒಳಗೆ ಬಂದದ್ದು ಸೆಪ್ಟೆಂಬರ್ 17ಕ್ಕೆ. ಅಂದರೆ ಎನ್‌ಸಿಸಿ ನಮಗಿಂತ ಎರಡು ತಿಂಗಳು ಹಿರಿಯ. ನಮ್ಮಜ್ಜ ನಿಜಾಮರ ಕಾಲದ ಉರ್ದು ಸಾಲಿ ಕಲಿತವನು. ಸಾಯುವವರೆಗೂ ಮಗ್ಗಿ ಉರ್ದುವಿನಲ್ಲೇ ಹೇಳುತ್ತಿದ್ದ. ಇತಿಹಾಸದ ಪಾಠ ಏನಿತ್ತು ಅಂದರೆ, ‘ಮಾಸ್ತರು ಹೇಳಿದ್ದಕ್ಕ ಜೀ ಅಂತಿದ್ವಿ, ಅಷ್ಟು ನೆನಪೈತಿ’ ಅನ್ನುತ್ತಿದ್ದ. ಬೇವಿನ ಗಿಡದ ಕೆಳಗೆ ‘ನೋ ಸರ್’ ಕೇಳಿದಾಗಲೆಲ್ಲ ನನಗೆ ಅಜ್ಜನ ‘ಜೀ’ ನೆನಪಾಗುತ್ತದೆ.

ಸೈನ್ಯದಲ್ಲಿ ಹೀಗೇ ನಡೆಯುತ್ತದೆ ಎನ್ನುತ್ತಾರೆ. ನಾನು ಕೇಳಿ ತಿಳಿದ ಮಟ್ಟಿಗೆ ಸೈನ್ಯ ಇದಕ್ಕಿಂತ ಜಾಣತನದ್ದು. ಗೂರ್ಖಾ ರೆಜಿಮೆಂಟಿಗೆ ಹೋದ ಅಧಿಕಾರಿ ಜವಾನರ ನೇಪಾಳಿ ಕಲಿಯಬೇಕು. ಅವರೆಲ್ಲ ಹಿಂದಿ ಕಲಿಯಲಿ ಎಂದು ಕೂರುವುದಿಲ್ಲ. ಮದ್ರಾಸ್ ರೆಜಿಮೆಂಟಿನ ಸಮರಘೋಷ ‘ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು’ (ಹೊಡೆ, ಕೊಲ್ಲು). ಪ್ರಾಣ ಹೋಗುವ ಹೊತ್ತಿನಲ್ಲಿ ಕೂಗುವ ಮಾತು ಕೂಗುವವನದೇ ಇರಬೇಕು ಎಂದು ಯಾರಿಗೋ ಹೊಳೆದಿತ್ತು. 1949ರ ಜನವರಿ 15ರಂದು ದೇಶದ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದ ನಮ್ಮ ಕೊಡಗಿನ ಕಾರ್ಯಪ್ಪನವರ ಹಿಂದಿಯ ಬಗ್ಗೆ ಒಂದು ಕತೆಯೇ ಇದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಜವಾನರಿಗೆ, ನೀವೂ ಸ್ವತಂತ್ರರು, ದೇಶವೂ ಸ್ವತಂತ್ರ ಎಂದು ಹೇಳಹೊರಟು, ನೀವೂ ‘ಮುಫ್ತ್’, ದೇಶವೂ ‘ಮುಫ್ತ್’, ಅಂದರೆ ಪುಕ್ಕಟೆ, ಅಂದರಂತೆ. ಜವಾನರು ನಕ್ಕಿರಬೇಕು, ಆದರೆ ಕಾರ್ಯಪ್ಪನವರನ್ನು ಯಾರೂ ಬಿಸಿಲಿಗೆ ನಿಲ್ಲಿಸಲಿಲ್ಲ. ಇನ್ನು ನಮ್ಮ ಹುಡುಗಿಯರು ಸೈನಿಕರೂ ಅಲ್ಲ. ಕೆಡೆಟ್ಟಿಗೆ ಸೈನ್ಯದ ಸೇವೆ ಮಾಡಲೇಬೇಕೆಂಬ ಕಟ್ಟುಪಾಡನ್ನು ಎನ್‌ಸಿಸಿ ಕಾಯ್ದೆ ಹಾಕಿಲ್ಲ. ಅವರು ಖಾಕಿ ಹಾಕಿದ ವಿದ್ಯಾರ್ಥಿಗಳು.

ಈಗ ಆ ಉಸ್ತಾದರ ಮಾತಿಗೆ ಬರುತ್ತೇನೆ. ಮರುದಿನ ಸಂಜೆ ಅಂಗೈಗೆ ಪಟ್ಟಿ ಕಟ್ಟಿಕೊಂಡು ನಮ್ಮ ಟೆಂಟಿನ ಹೊರಗೆ ಬಂದು ನಿಂತರು. ತಮಿಳುನಾಡಿನವರು, ಮದ್ರಾಸ್ ರೆಜಿಮೆಂಟಿನಿಂದ ಬಂದವರು. ‘ಮೇಡಂ, ಆ ಹುಡುಗಿ ಯಾಕೆ ತಿರುಗಿದಳು? ಕೆಟ್ಟ ಹುಡುಗಿಯಲ್ಲ ಅವಳು, ಗ್ರೂಪಿಂಗ್ ಚೆನ್ನಾಗಿತ್ತು, ಗುಂಡೆಲ್ಲ ಒಂದೇ ಕಡೆ ಬಿದ್ದಿದ್ದವು’ ಎಂದು ಹಿಂದಿಯಲ್ಲಿ ಕೇಳಿದರು. ನಾನು ‘ಮತ್’ ಮತ್ತು ‘ಮತ್ತ’ದ ಕತೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಅಲ್ಲೇ ಬಕೆಟ್ಟು ಬೋರಲು ಹಾಕಿ ಕೂತರು. ವೆಲ್ಲಿಂಗ್ಟನ್ನಿನಲ್ಲಿ ಭರ್ತಿಯಾದ ಹೊಸದರಲ್ಲಿ ತಮಗೂ ಹಿಂದಿಯ ಒಂದು ಅಕ್ಷರ ಬರುತ್ತಿರಲಿಲ್ಲ, ಹಾಡಿನ ಹಾಗೆ ಬಾಯಿಪಾಠ ಮಾಡಿದ್ದು ಎಂದರು. ನನಗೆ ಆಗ ಹೊಳೆಯಿತು: ಹಿಂದಿ ಮನೆಮಾತಲ್ಲದ ಮಾಸ್ತರರು, ಹಿಂದಿ ಮನೆಮಾತಲ್ಲದ ಮಕ್ಕಳಿಗೆ, ಹಿಂದಿ ಮನೆಮಾತಲ್ಲದ ನನ್ನ ಕಣ್ಣೆದುರು, ಆರು ದಿನ ಹಿಂದಿಯಲ್ಲೇ ಕಲಿಸಿದ್ದರು. ಮೂವರಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಉಳಿದ ಡಿಟೇಲು ಎರಡು ದಿನದ ನಂತರ ಹೊಡೆಯಬೇಕಿತ್ತು. ಉಸ್ತಾದರು ಹುಡುಗಿಯರನ್ನು ಕೂಡಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಭಾಷೆಯಲ್ಲೇ ಶುರು ಮಾಡಿದರು. ಕಣ್ಣಿಗೆ ಬೆರಳಿಟ್ಟು ‘ಕಣ್’. ಹುಡುಗಿಯರು ‘ಕಣ್ಣು!’ ಎಂದರು. ಕೈ ಎತ್ತಿ ‘ಕೈ’. ‘ಕೈ!’ ಬೆರಳು ಮಡಿಚಿ ‘ವಿರಲ್’. ಒಂದು ಗಳಿಗೆ ತಡೆದು ಯಾರೋ ‘ಬೆರಳು’ ಅಂದಳು, ಎಲ್ಲರೂ ಹಿಡಿದುಕೊಂಡರು. ‘ತೋಳ್’ ಎಂದು ಭುಜ ಮುಟ್ಟಿದರು. ನಮಗೆ ತೋಳು ಅಂದರೆ ಭುಜಕ್ಕಿಂತ ಒಂದು ಗೇಣು ಕೆಳಗೆ, ಅದನ್ನು ಹುಡುಗಿಯರೇ ಸರಿಪಡಿಸಿದರು. ಸರ್, ಬಂದೂಕು ಹಿಡಿಯಲು ಬೇಕಾದ ಅಂಗಗಳು ಇವೇ ಅಲ್ಲವೇ? ಆಮೇಲೆ ನನ್ನನ್ನು ಕರೆದು, ‘ಮತ್’ಗೆ ನಿಮ್ಮ ಮಾತೇನು ಎಂದು ಕೇಳಿ ‘ಬ್ಯಾಡ’ ಎಂಬುದನ್ನು ಪಟ್ಟಿ ಕಟ್ಟದ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡರು. ಆ ದಿನ ರೇಂಜಿನಲ್ಲಿ ‘ತಿರುಗ ಬ್ಯಾಡ, ಅಲುಗ ಬ್ಯಾಡ’ ತಮಿಳಿನ ರಾಗದಲ್ಲಿ ಕೇಳಿಬಂತು. ಒಂದು ತಲೆಯೂ ತಿರುಗಲಿಲ್ಲ.

ನಾನು ಕೇಳುವುದು ಇಷ್ಟನ್ನೇ, ಇದಕ್ಕೆ ದುಡ್ಡು ಬೇಡ, ಮೇಲಿನಿಂದ ಆದೇಶವೂ ಬೇಕಿಲ್ಲ. ಕ್ಯಾಂಪು ಶುರುವಾಗುವ ಹಿಂದಿನ ದಿನ ಅಡ್ವಾನ್ಸ್ ಪಾರ್ಟಿ ಬರುತ್ತದಲ್ಲ, ಅವತ್ತು ಸಂಜೆ ಒಂದು ತಾಸು ಉಸ್ತಾದರನ್ನೆಲ್ಲ ನನಗೆ ಬಿಟ್ಟುಕೊಡಿ. ಐವತ್ತು ಮಾತು ಕಲಿಸುತ್ತೇನೆ. ರೇಂಜಿನ ಬಾವುಟದ ಕೆಳಗೆ ಒಂದು ಬೋರ್ಡು ಹಾಕಿ, ಐದೇ ಮಾತು, ಎರಡೂ ಭಾಷೆಯಲ್ಲಿ: ಬೇಡ, ನಿಲ್ಲಿಸು, ಅಲುಗಬೇಡ, ಬೆರಳು ತೆಗೆ, ಖಾಲಿ ಮಾಡು. ಬೋರ್ಡು ನಾನೇ ಬರೆದು ತರುತ್ತೇನೆ, ನನ್ನ ಕೈಬರಹ ಚೆನ್ನಾಗಿದೆ. ಪ್ರತಿ ಪಾಠದ ಕೊನೆಯ ಹತ್ತು ನಿಮಿಷ ಒಬ್ಬ ಎಎನ್‌ಒ ಕನ್ನಡದಲ್ಲಿ ಅದನ್ನೇ ಹೇಳಲಿ.

ಎಲ್ಲಕ್ಕಿಂತ ಮುಖ್ಯವಾಗಿ, ‘ಕೋಯೀ ಶಕ್?’ ಬಿಡಿ. ಅದರ ಬದಲು ಸಾಲಿನ ನಡುವಿನಿಂದ, ಕಣ್ಣು ತಪ್ಪಿಸುವವಳೊಬ್ಬಳನ್ನು ಎಬ್ಬಿಸಿ, ‘ಏನ್ ತಿಳೀತು, ಹೇಳವಾ’ ಎಂದು ಕೇಳಿ. ಅವಳು ಕನ್ನಡದಲ್ಲಿ ಹೇಳಲಿ. ನಿಮಗೆ ಕನ್ನಡ ತಿಳಿಯದಿದ್ದರೆ ಪಕ್ಕದಲ್ಲಿ ನಾವಿರುತ್ತೇವೆ. ಅವಳು ಹೇಳಿದ್ದು ತಪ್ಪಾದರೆ ಶಿಕ್ಷೆ ಕೊಡದೆ ಪಾಠ ಇನ್ನೊಮ್ಮೆ ಮಾಡಿ. ಮತ್ತ.

ಬೆಸ್ಟ್ ಕೆಡೆಟ್ ಆಯ್ಕೆಯ ಬಗ್ಗೆಯೂ ಒಂದು ಮಾತಿದೆ. ಡ್ರಿಲ್ಲಿನಲ್ಲಿ, ಫೈರಿಂಗಿನಲ್ಲಿ ಮುಂದಿದ್ದ ಹುಡುಗಿಯರು ಸಂದರ್ಶನದ ಟೇಬಲ್ಲಿನ ಮುಂದೆ ಕಂಬದಂತೆ ನಿಂತದ್ದನ್ನು ಹಲವು ಸಲ ನೋಡಿದ್ದೇನೆ. ಒಂದು ವರ್ಷ ನಮ್ಮ ಹುಡುಗಿಯೊಬ್ಬಳಿಗೆ ಬಾಢ್ ಬಂದರೆ ಏನು ಮಾಡುತ್ತೀ ಎಂದು ಕೇಳಿದರು. ಅವಳು ಸುಮ್ಮನೆ ನಿಂತಳು. ಸೊನ್ನೆ. ಅವಳ ಮನೆ ಕೃಷ್ಣಾ ನದಿಯ ದಂಡೆಯ ಮೇಲಿದೆ, ಸರ್. ನೆರೆ ಬಂದಾಗ ಅಜ್ಜಿಯನ್ನೂ ಎರಡು ಆಡನ್ನೂ ತೆಪ್ಪದಲ್ಲಿ ದಾಟಿಸಿದವಳು. ಹೊಳಿ ಬಂದರೆ ಏನು ಮಾಡ್ತಿ ಎಂದು ಕೇಳಿದ್ದರೆ ಟೇಬಲ್ಲಿನ ಆ ಕಡೆಯವರು ನೋಟ್ಸ್ ಬರೆದುಕೊಳ್ಳುತ್ತಿದ್ದರು. ಪಟ್ಟಣದ ಇಂಗ್ಲಿಷ್ ಮಾಧ್ಯಮದ ಹುಡುಗಿಗೆ ಬಹುಮಾನ ಬಂತು. ಅವಳೂ ಒಳ್ಳೆಯ ಹುಡುಗಿಯೇ.

ಈ ಪತ್ರ ಓದಿ ಕೆಲವರು ಇದನ್ನು ಹಿಂದಿ ವಿರೋಧದ ಕಟ್ಟಿಗೆ ಸೇರಿಸುತ್ತಾರೆ, ಇನ್ನು ಕೆಲವರು ಸೈನ್ಯಕ್ಕೆ ಅವಮಾನ ಅನ್ನುತ್ತಾರೆ. ಇಬ್ಬರಿಗೂ ಪುರುಸೊತ್ತು ಇದೆ, ನನಗಿಲ್ಲ. ಇನ್ನು ಮೂರು ವಾರಕ್ಕೆ ಮೂವತ್ತು ಹುಡುಗಿಯರ ಡ್ರಿಲ್ ಶೂ, ಬೆಡ್‌ಶೀಟು, ಪ್ಲೇಟು-ಮಗ್ಗು, ಪಾಲಕರ ಒಪ್ಪಿಗೆ ಪತ್ರ ಎಲ್ಲ ನೋಡಬೇಕು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದೆ. ಹೆಬ್ಬೆಟ್ಟು ಒತ್ತುವ ಅಪ್ಪಂದಿರಿಗೆ ನಾನೇ ಓದಿ ಹೇಳುತ್ತೇನೆ. ಹೋದ ವರ್ಷದವರೆಗೆ ‘ಏನಿಲ್ರೀ, ಸಹಿ ಮಾಡ್ರಿ’ ಅನ್ನುತ್ತಿದ್ದೆ. ಈ ವರ್ಷ ಪೂರ್ತಿ ಓದುತ್ತಿದ್ದೇನೆ. ಅದರಲ್ಲಿ ಅಪಘಾತದ ಸಾಲು ಬಂದಾಗ ಆ ಹುಡುಗಿಯ ಅಪ್ಪ ನನ್ನ ಮುಖ ನೋಡಿದರು. ಅವರಿಗೆ ಹೋದ ವರ್ಷದ ಸಂಗತಿ ಗೊತ್ತು, ಅವಳೇ ಹೇಳಿದ್ದಾಳೆ. ‘ಟೀಚರ್ ಇರ್ತಾರಲ್ಲ’ ಎಂದು ಹೆಬ್ಬೆಟ್ಟು ಒತ್ತಿದರು.

ಹೌದು, ಅವಳು ಈ ಸಲವೂ ಬರುತ್ತಾಳೆ. ಎರಡನೆಯ ವರ್ಷದ ಕೆಡೆಟ್. ಬೂಟಿಗೆ ಪಾಲಿಶ್ ಈಗಲೇ ಶುರುವಾಗಿದೆ. ಹೋದ ವಾರ ವರಾಂಡದಲ್ಲಿ ಹಿಡಿದು ನಿಲ್ಲಿಸಿ, ಫೈರಿಂಗಿಗೆ ತನ್ನ ಹೆಸರು ಇರುತ್ತದೋ ಇಲ್ಲವೋ ಎಂದು ಕೇಳಿದಳು. ನಿಮ್ಮನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಹೋದ ವರ್ಷ ಐದರಲ್ಲಿ ಮೂರು ಹೊಡೆದಳು. ಅವಳಿಗೆ ಇನ್ನೂ ಎರಡು ರೌಂಡು ಬರಬೇಕು, ಸರ್.

ಇಂತಿ,
ಒಬ್ಬ ಕನ್ನಡ ಟೀಚರ್, ಜೂನಿಯರ್ ವಿಂಗಿನ ಎಎನ್‌ಒ